ಪಗಾರ ಖಾತೆಗೆ ಬಂದರೆ ಸಾಕೇ? ಸರ್ಕಾರಿ ಕೆಲಸಗಾರರ ಕಡ್ಡಾಯ ಬ್ಯಾಂಕ್ ಪಾವತಿ ಮತ್ತು ನಮ್ಮ ಮೂರು ಜಿಲ್ಲೆಗಳು (ಕಲಬುರಗಿ, ಬೀದರ್, ಯಾದಗಿರಿ)

ಭೀಮಾತೀರ, ಜೇವರ್ಗಿ ತಾಲ್ಲೂಕು

ಸರ್ಕಾರದ ದುಡ್ಡಿನಿಂದ ಪಗಾರ ಪಡೆಯುವ ಪ್ರತಿಯೊಬ್ಬರಿಗೂ, ಅವರು ಕಾಯಂ ನೌಕರರಿರಲಿ, ಹೊರಗುತ್ತಿಗೆಯವರಿರಲಿ, ಗೌರವಧನದ ಮೇಲೆ ದುಡಿಯುವವರಿರಲಿ, ಹಣವನ್ನು ನಗದಾಗಿ ಕೊಡದೆ ಬ್ಯಾಂಕ್ ಖಾತೆಗೇ ಜಮಾ ಮಾಡಬೇಕು ಎಂಬ ನಿಯಮಕ್ಕೆ ನನ್ನ ತಕರಾರಿಲ್ಲ. ಆದರೆ ಈ ಕಡ್ಡಾಯದ ಭಾರ ಯಾರ ಮೇಲೆ ಬೀಳಬೇಕು ಎಂಬುದನ್ನು ನಮ್ಮ ಕಡೆ ಯಾರೂ ಕೇಳುತ್ತಿಲ್ಲ. ಇಂಥ ಬ್ಯಾಂಕಿನಲ್ಲೇ ಖಾತೆ ತೆರೆ, ಆಧಾರ್ ಜೋಡಿಸು, ಇಲ್ಲದಿದ್ದರೆ ಈ ತಿಂಗಳ ಪಗಾರವಿಲ್ಲ ಎಂದು ದುಡಿಯುವವನಿಗೆ ಹೇಳುವುದು ಸುಲಭ. ಕೊಡುವವನ ಮೇಲೆ ಯಾವ ಕಟ್ಟುಪಾಡಿದೆ?

ನಾನು ಬಟವಾಡೆ ಅಧಿಕಾರಿಯ ಕಚೇರಿಯಲ್ಲಿ ಸಂಬಳದ ಬಿಲ್ಲು ಬರೆಯುತ್ತಲೇ ನಿವೃತ್ತನಾದವನು. ಹಿಂದೆ ಬಿಲ್ಲು ಖಜಾನೆಯಲ್ಲಿ ಪಾಸಾದ ಮೇಲೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನಿಂದ ನಗದು ತಂದು, ಅಕ್ವಿಟೆನ್ಸ್ ರೋಲಿನಲ್ಲಿ, ಅಂದರೆ ಪಗಾರ ಪಡೆದವರ ಸಹಿಪಟ್ಟಿಯಲ್ಲಿ, ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕಿಸಿಕೊಂಡು, ಎಣಿಸಿ ಕೊಡುತ್ತಿದ್ದೆವು. ಆ ಸಹಿಗೆ ಒಂದೇ ಅರ್ಥವಿತ್ತು: ಇಂಥವನು ಇಷ್ಟು ಹಣವನ್ನು ಕೈಯಾರೆ ಪಡೆದಿದ್ದಾನೆ. ಈಗ ನೌಕರರ ಸಂಬಳದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಬಿಲ್ಲು ತಯಾರಾಗಿ, ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರ ಮೂಲಕ ನೇರವಾಗಿ ಖಾತೆಗೆ ಹೋಗುತ್ತದೆ, ಮತ್ತು ಕಾಯಂ ನೌಕರರ ಮಟ್ಟಿಗೆ ಈ ವ್ಯವಸ್ಥೆ ಹಳೆಯದಕ್ಕಿಂತ ಎಷ್ಟೋ ಪಾಲು ಮೇಲು. ಅವರ ಕೈಯಲ್ಲಿ ಸಂಬಳದ ಚೀಟಿ ಇದೆ, ಕಡಿತಗಳ ವಿವರ ಇದೆ, ಏರುಪೇರಾದರೆ ಕೇಳಲು ಸಂಘವೂ ಇದೆ.

ನನ್ನ ಪ್ರಶ್ನೆ ಉಳಿದವರ ಕುರಿತಾದದ್ದು. ನಮ್ಮ ತಾಲ್ಲೂಕಿನ ಒಂದು ವಿದ್ಯಾರ್ಥಿನಿಲಯದಲ್ಲಿ ಹೊರಗುತ್ತಿಗೆಯ ಮೇಲೆ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳ ಪಾಸ್‌ಬುಕ್ಕನ್ನು ಇತ್ತೀಚೆಗೆ ನೋಡಿದೆ. ಪ್ರತಿ ತಿಂಗಳೂ ಪೂರ್ತಿ ಪಗಾರ ಜಮಾ ಆಗಿದೆ, ಅದೇ ದಿನ ಅದರಲ್ಲಿ ದುಂಡು ಮೊತ್ತವೊಂದು ಎಟಿಎಂನಿಂದ ಹೊರಗೆ ಹೋಗಿದೆ. ಆಕೆಗೆ ಎಟಿಎಂ ಹೇಗಿರುತ್ತದೆಂಬುದೂ ಗೊತ್ತಿಲ್ಲ, ಏಕೆಂದರೆ ಕಾರ್ಡು ಗುತ್ತಿಗೆದಾರರ ಮೇಲ್ವಿಚಾರಕನ ಹತ್ತಿರವಿದೆ. ಖಾತೆ ತೆರೆಸುವಾಗಲೇ ಅವನು ತನ್ನ ಮೊಬೈಲ್ ಸಂಖ್ಯೆಯನ್ನು ಬರೆಸಿದ್ದರಿಂದ ಜಮೆಯ ಸಂದೇಶ, ಒಟಿಪಿ ಎಲ್ಲವೂ ಅವನಿಗೇ ಹೋಗುತ್ತವೆ. ಕಾಗದದ ಮೇಲೆ ಇದು ನೂರಕ್ಕೆ ನೂರು ನೇರ ಪಾವತಿ. ಲೆಕ್ಕ ತಪಾಸಣೆಯವರು ಬಂದರೂ ತಪ್ಪು ಹಿಡಿಯಲಾರರು. ಅಕ್ವಿಟೆನ್ಸ್ ರೋಲಿನಲ್ಲಿ ಕಳ್ಳ ಹೆಬ್ಬೆಟ್ಟು ಹಾಕಿಸುವುದಕ್ಕಾದರೂ ಒಂದಿಷ್ಟು ಭಯವಿತ್ತು, ಇಲ್ಲಿ ಅದೂ ಇಲ್ಲ.

ಕಾರಂಜಾ, ಭಾಲ್ಕಿ

ತಾವು ಹೇಳಿದ ಪ್ರಸಂಗ ನಿಜವಿರಬಹುದು, ಆದರೆ ಹಳೆಯ ಬಟವಾಡೆಯ ದಿನಗಳನ್ನು ತಾವು ಸ್ವಲ್ಪ ಅಕ್ಕರೆಯಿಂದಲೇ ನೆನೆದಿದ್ದೀರಿ. ನಾನು ಶಿಕ್ಷಕ. ನಗದು ಕೊಡುತ್ತಿದ್ದ ಕಾಲದಲ್ಲಿ ಪಗಾರದ ದಿನವೆಂದರೆ ಶಾಲೆಗೆ ಅರ್ಧ ರಜೆ ಇದ್ದಂತೆ. ಊರಿನಿಂದ ತಾಲ್ಲೂಕಿಗೆ ಬಸ್ಸು ಹಿಡಿದು ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. ಎಣಿಸಿ ಕೊಡುವವನು ಚಿಲ್ಲರೆ ಇಲ್ಲವೆಂದು ಉಳಿಸಿಕೊಂಡದ್ದನ್ನು ಯಾರೂ ಕೇಳುತ್ತಿರಲಿಲ್ಲ. ಕಚೇರಿಯ ಬಾಗಿಲಿನಲ್ಲೇ ಸಾಲ ಕೊಟ್ಟವರು, ಚಂದಾ ಕೇಳುವವರು, ಕಂತಿನ ಮೇಲೆ ಬಟ್ಟೆ ಮಾರಿದವರು ಕಾದಿರುತ್ತಿದ್ದರು. ಬ್ಯಾಂಕ್ ಪಾವತಿ ಕಡ್ಡಾಯವಾದ ಮೇಲೆ ಆ ಬಾಗಿಲೇ ಇಲ್ಲವಾಯಿತು, ಅದೊಂದು ದೊಡ್ಡ ಬಿಡುಗಡೆ.

ನನ್ನ ಅಸಮಾಧಾನ ಇರುವುದು ಬೇರೆ ಕಡೆ. ಆ ಬಾಗಿಲಿನ ಜಾಗದಲ್ಲಿ ಈಗ ಬ್ಯಾಂಕೇ ಕುಳಿತಿದೆ. ಪಗಾರ ಜಮಾ ಆದ ಕ್ಷಣದಲ್ಲೇ ಮನೆಸಾಲ, ವಾಹನಸಾಲ, ವಿಮೆಯ ಕಂತುಗಳೆಲ್ಲ ತಾವಾಗಿಯೇ ಮುರಿದುಹೋಗುತ್ತವೆ. ನ್ಯಾಯಾಲಯವು ಸಾಲದ ಡಿಕ್ರಿಗಾಗಿ ಒಬ್ಬನ ಸಂಬಳವನ್ನು ಜಪ್ತಿ ಮಾಡುವಾಗಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಮೊದಲ 1,000 ರೂಪಾಯಿಯನ್ನೂ ಉಳಿದುದರ ಮೂರನೇ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಆದರೆ ಸಾಲ ಪಡೆಯುವಾಗ ನಾವೇ ಸಹಿ ಮಾಡಿಕೊಟ್ಟ ಸ್ವಯಂ ಕಡಿತಕ್ಕೆ ಅಂಥ ಮಿತಿಯೇನೂ ಇಲ್ಲ. ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಪಗಾರದ ದಿನವೇ ಖಾತೆಯಲ್ಲಿ ಮಕ್ಕಳ ಶಾಲೆಯ ಶುಲ್ಕದಷ್ಟೂ ಉಳಿಯುವುದಿಲ್ಲ. ಸಾಲ ಮಾಡಿದ್ದು ಅವರೇ, ಒಪ್ಪುತ್ತೇನೆ. ಆದರೂ ಯಾವುದನ್ನು ಮೊದಲು ತೀರಿಸಬೇಕು, ಯಾವುದನ್ನು ಹತ್ತು ದಿನ ಮುಂದೂಡಬೇಕು ಎಂದು ಮನೆಯವರು ಕೂತು ತೀರ್ಮಾನಿಸುವ ಅವಕಾಶ ಹೊರಟುಹೋಯಿತು.

ಇನ್ನು ಬ್ಯಾಂಕಿನ ಆಯ್ಕೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಪಗಾರವೆಂದರೆ ಹೈದರಾಬಾದ್ ಬ್ಯಾಂಕು ಎಂದೇ ರೂಢಿಯಾಗಿತ್ತು. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನಗೊಂಡಿತು, ಎಸ್‌ಬಿಎಚ್‌ವೈ ಎಂದು ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಸಂಕೇತಗಳೆಲ್ಲ ಬದಲಾದವು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿತು. ಪ್ರತಿ ಸಲವೂ ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ಕಚೇರಿಗೆ ಅಲೆದದ್ದು ನೌಕರನೇ ಹೊರತು ಬ್ಯಾಂಕಲ್ಲ.

ತೊಗರಿಕಣಜ, ಕಲಬುರಗಿ

ನಾನು ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲ. ಕಾನೂನಿನ ಸ್ಥಿತಿಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ವರ್ಗಗಳನ್ನು ಬೆರೆಸಿ ಮಾತಾಡಲಾಗುತ್ತಿದೆ.

ಕಾಯಂ ನೌಕರರ ಸಂಬಳ ಖಜಾನೆಯ ನಿಯಮಗಳ ಪ್ರಕಾರ ನಡೆಯುತ್ತದೆ. ಕೂಲಿ ಕಾರ್ಮಿಕರಿಗೆ ಅನ್ವಯಿಸುತ್ತಿದ್ದುದು 1936ರ ವೇತನ ಪಾವತಿ ಕಾಯ್ದೆ. ಅದರ 6ನೇ ಕಲಮು ಮೂಲತಃ ನಾಣ್ಯ ಅಥವಾ ನೋಟುಗಳಲ್ಲೇ ವೇತನ ಕೊಡಬೇಕೆಂದು ಹೇಳುತ್ತಿತ್ತು. ಮಾಲೀಕನು ಪಗಾರಕ್ಕೆ ಬದಲಾಗಿ ತನ್ನ ಅಂಗಡಿಯ ಸಾಮಾನನ್ನು ಕೊಟ್ಟು ಸಾಗಹಾಕಬಾರದೆಂಬುದು ಅದರ ಉದ್ದೇಶವಾಗಿತ್ತು. ಮುಂದೆ ಕಾರ್ಮಿಕನ ಲಿಖಿತ ಒಪ್ಪಿಗೆಯಿದ್ದರೆ ಚೆಕ್ಕು ಅಥವಾ ಖಾತೆಗೆ ಜಮಾ ಮಾಡಬಹುದೆಂದಾಯಿತು. 2017ರ ತಿದ್ದುಪಡಿ ಆ ಲಿಖಿತ ಒಪ್ಪಿಗೆಯ ಶರತ್ತನ್ನೇ ತೆಗೆದುಹಾಕಿತು, ಜೊತೆಗೆ ಯಾವ ಸಂಸ್ಥೆಗಳಲ್ಲಿ ಬ್ಯಾಂಕ್ ಪಾವತಿಯೇ ಕಡ್ಡಾಯವೆಂದು ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ನೋಟು ರದ್ದತಿಯ ಬೆನ್ನಿಗೇ ಬಂದ ತಿದ್ದುಪಡಿ ಅದು. ಈಗ 2019ರ ವೇತನ ಸಂಹಿತೆಯಲ್ಲೂ ಇದೇ ವ್ಯವಸ್ಥೆ ಮುಂದುವರಿದಿದೆ, ತಿಂಗಳ ವೇತನವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಕೊಡಬೇಕೆಂಬ ಗಡುವೂ ಇದೆ.

ಹೊರಗುತ್ತಿಗೆಯವರ ವಿಷಯದಲ್ಲಿ ಭೀಮಾತೀರ ಅವರು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾರೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಕಲಮಿನಲ್ಲಿ ಒಂದು ಜಾಣ ಏರ್ಪಾಡಿತ್ತು. ಗುತ್ತಿಗೆದಾರ ವೇತನ ಹಂಚುವಾಗ ಮೂಲ ಮಾಲೀಕನ, ಅಂದರೆ ನಮ್ಮ ಸಂದರ್ಭದಲ್ಲಿ ಇಲಾಖೆಯ, ಪ್ರತಿನಿಧಿಯೊಬ್ಬ ಎದುರಿಗಿರಬೇಕು, ಮತ್ತು ನನ್ನ ಸಮಕ್ಷಮದಲ್ಲಿ ಇಷ್ಟು ಹಣ ಕೊಡಲಾಗಿದೆ ಎಂದು ವೇತನ ಪುಸ್ತಕದಲ್ಲಿ ಸಹಿ ಮಾಡಬೇಕು. ಬ್ಯಾಂಕ್ ಪಾವತಿ ಬಂದ ಮೇಲೆ ಆ ಸಾಕ್ಷಿಯ ಸಹಿಗೆ ಅರ್ಥವೇ ಉಳಿಯಲಿಲ್ಲ. ಎಷ್ಟೋ ಕಚೇರಿಗಳಲ್ಲಿ ವರ್ಗಾವಣೆಯ ಪಟ್ಟಿಯ ಕೆಳಗೆ ಅದೇ ಹಳೆಯ ಒಕ್ಕಣೆಯ ರಬ್ಬರ್ ಮುದ್ರೆ ಒತ್ತಿದ್ದನ್ನು ನಾನು ನೋಡಿದ್ದೇನೆ. ಸರ್ವರ್ ಮಾಡಿದ ಜಮೆಗೆ ಅಧೀಕ್ಷಕರು ಸಮಕ್ಷಮ ಸಾಕ್ಷಿ!

ಈ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 55ನೇ ಕಲಮಿನ ಪ್ರಕಾರ ಗುತ್ತಿಗೆದಾರನು ಬ್ಯಾಂಕ್ ಅಥವಾ ಎಲೆಕ್ಟ್ರಾನಿಕ್ ವಿಧಾನದಲ್ಲೇ ವೇತನ ಕೊಟ್ಟು, ಕೊಟ್ಟ ಮೊತ್ತವನ್ನು ಮೂಲ ಮಾಲೀಕನಿಗೆ ಎಲೆಕ್ಟ್ರಾನಿಕ್ ಆಗಿಯೇ ತಿಳಿಸಬೇಕು. ಕೊಡದಿದ್ದರೆ ಮೂಲ ಮಾಲೀಕನೇ ಹೊಣೆ. ಕಡ್ಡಾಯವು ಕೊಡುವವನ ಮೇಲೆಯೇ ಇದೆ, ಆ ಮಟ್ಟಿಗೆ ಒಳ್ಳೆಯದು. ಆದರೆ ಹಿಂದೆ 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ ರಕ್ಷಣೆ ಈಗ 50 ಮಂದಿಯಿದ್ದರೆ ಮಾತ್ರ ಅನ್ವಯಿಸುತ್ತದೆ. ತಾಲ್ಲೂಕು ಮಟ್ಟದ ಸಣ್ಣ ಟೆಂಡರುಗಳೆಲ್ಲ ಹೊರಗೆ ಉಳಿಯುತ್ತವೆ.

ಬ್ಯಾಂಕಿನ ಆಯ್ಕೆಯ ಬಗ್ಗೆ ಕಾರಂಜಾ ಅವರಿಗೊಂದು ಮಾತು. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಪಾವತಿಗಳನ್ನು ಎಲೆಕ್ಟ್ರಾನಿಕ್ ಆಗಿಯೇ ಮಾಡಬೇಕೆಂದು 1996ರಲ್ಲಿ ಕಾನೂನು ಮಾಡಿದರು. ಆದರೆ ಅದಕ್ಕೂ ಮೊದಲೇ, 1978ರ ಎಲೆಕ್ಟ್ರಾನಿಕ್ ಹಣ ವರ್ಗಾವಣೆ ಕಾಯ್ದೆಯಲ್ಲಿ, ನೌಕರಿಯ ಶರತ್ತಾಗಿ ನಿರ್ದಿಷ್ಟ ಬ್ಯಾಂಕೊಂದರಲ್ಲೇ ಖಾತೆ ತೆರೆಯುವಂತೆ ಯಾರನ್ನೂ ಒತ್ತಾಯಿಸಬಾರದೆಂದು ಬರೆದಿದ್ದರು. ಅಂಥ ಒಂದು ಸಾಲು ನಮ್ಮ ಸಂಹಿತೆಯಲ್ಲಿದ್ದಿದ್ದರೆ ಮೇಲ್ವಿಚಾರಕನು ಎಲ್ಲರನ್ನೂ ಒಂದೇ ಶಾಖೆಗೆ ಹಿಂಡಾಗಿ ಕರೆದೊಯ್ದು ಖಾತೆ ತೆರೆಸುವ ಪರಿಪಾಠವನ್ನು ಪ್ರಶ್ನಿಸಲು ಆಧಾರ ಸಿಗುತ್ತಿತ್ತು.

ಸಗರನಾಡು, ಸುರಪುರ

ನಾನು ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ನಮಗೆ ಬರುವುದು ವೇತನವಲ್ಲ, ಗೌರವಧನ ಎನ್ನುತ್ತಾರೆ. ಆದ್ದರಿಂದ ಮೇಲೆ ವಕೀಲರು ಹೇಳಿದ 7ನೇ ದಿನದ ಗಡುವು ನಮ್ಮ ಹತ್ತಿರಕ್ಕೂ ಬರುವುದಿಲ್ಲ. ಖಾತೆಗೇ ಹಾಕುತ್ತಾರೆ, ನಿಜ. ಯಾವಾಗ ಹಾಕುತ್ತಾರೆ ಎಂಬುದು ಅನುದಾನ ಬಿಡುಗಡೆಯಾಗುವುದರ ಮೇಲೆ ನಿಂತಿದೆ. ಎರಡು ತಿಂಗಳದ್ದು ಒಟ್ಟಿಗೆ ಬಂದಾಗ ಯಾವ ತಿಂಗಳಿಗೆ ಎಷ್ಟು, ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು ಎಂದು ತಿಳಿಸುವ ಚೀಟಿ ಇರುವುದಿಲ್ಲ. ಮೊಬೈಲಿಗೆ ಬರುವ ಒಂದು ಸಾಲಿನ ಸಂದೇಶವೇ ನಮ್ಮ ಸಂಬಳದ ಚೀಟಿ.

ಆದರೆ ಗಂಡಸರು ಹೇಳದೆ ಬಿಟ್ಟ ಒಂದು ಮಾತನ್ನು ನಾನು ಹೇಳಬೇಕು. ಹಣ ನನ್ನ ಹೆಸರಿನ ಖಾತೆಗೆ ಬರುವುದಕ್ಕೂ ನನ್ನ ಕೈಗೆ ಬರುವುದಕ್ಕೂ ನಡುವೆ ಗುತ್ತಿಗೆದಾರನೇ ಇರಬೇಕೆಂದಿಲ್ಲ, ಮನೆಯವರೂ ಇರುತ್ತಾರೆ. ನಮ್ಮ ಸಹಾಯಕಿಯರಲ್ಲಿ ಎಷ್ಟೋ ಮಂದಿಯ ಕಾರ್ಡು ಮಗನ ಹತ್ತಿರವೋ ಗಂಡನ ಹತ್ತಿರವೋ ಇದೆ. ಒಬ್ಬಾಕೆ ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದ್ದಾಳೆ. ಬ್ಯಾಂಕಿನವರು ಕೊಟ್ಟ ಕಾರ್ಡನ್ನು ಬೇಡವೆಂದು ಹಿಂದಿರುಗಿಸಿದಳು. ಈಗ ಊರಿನ ಬ್ಯಾಂಕ್ ಮಿತ್ರನ ಯಂತ್ರದ ಮೇಲೆ ಆಕೆಯೇ ಹೆಬ್ಬೆರಳು ಒತ್ತಿದರೆ ಮಾತ್ರ ಹಣ ಬರುತ್ತದೆ, ಆದ್ದರಿಂದ ಮಗನಿಗೆ ಹಣ ಬೇಕಾದರೆ ಅವ್ವನನ್ನು ಕರೆದುಕೊಂಡೇ ಹೋಗಬೇಕು. ಬೇಸಿಗೆಯಲ್ಲಿ ಒಲೆ, ಬೂದಿ, ಪಾತ್ರೆಗಳಿಂದ ಬೆರಳ ಗೆರೆ ಸವೆದು ಯಂತ್ರ ಒಪ್ಪದಿದ್ದಾಗ ಆಕೆಯೇ ತಾಲ್ಲೂಕಿನ ಶಾಖೆಗೆ ಹೋಗುತ್ತಾಳೆ. ತೊಂದರೆಯಾದರೂ ಅದೇ ಲೇಸು ಎನ್ನುತ್ತಾಳೆ. ಕಾರ್ಡಿಲ್ಲದ ಖಾತೆಯೂ ಸಿಗುತ್ತದೆ ಎಂದು ಖಾತೆ ತೆರೆಸುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಗುರುಮಠಕಲ್ ನೀರಗಂಟಿ

ಗ್ರಾಮ ಪಂಚಾಯಿತಿ ಸಿಬ್ಬಂದಿಯ ಕಥೆ ಸ್ವಲ್ಪ ಬೇರೆ. ಹಿಂದೆ ಕರ ವಸೂಲಿಯಾದರೆ ನಮಗೆ ಪಗಾರ, ಇಲ್ಲವಾದರೆ ಇಲ್ಲ. ಇಎಫ್‌ಎಂಎಸ್ ಎಂಬ ಎಲೆಕ್ಟ್ರಾನಿಕ್ ಪಾವತಿ ವ್ಯವಸ್ಥೆಯ ಮೂಲಕ ನೇರವಾಗಿ ಖಾತೆಗೆ ಹಾಕುವುದು ಶುರುವಾದ ಮೇಲೆ ಅನುಮೋದನೆಯಾದವರಿಗೆ ಬಹಳ ಅನುಕೂಲವಾಗಿದೆ, ಅದನ್ನು ಅಲ್ಲಗಳೆದರೆ ಉಂಡ ಮನೆಗೆ ಎರಡು ಬಗೆದಂತಾಗುತ್ತದೆ. ಆದರೆ ಜಿಲ್ಲಾ ಪಂಚಾಯಿತಿಯಿಂದ ನೇಮಕಕ್ಕೆ ಅನುಮೋದನೆ ಸಿಗದವರು ಆ ಪಟ್ಟಿಯಲ್ಲಿಲ್ಲ. ಒಂದೇ ಪಂಚಾಯಿತಿಯಲ್ಲಿ ಒಂದೇ ಕೊಳವೆಬಾವಿಯ ಮೋಟಾರು ಹಾಕುವ ಇಬ್ಬರಲ್ಲಿ ಒಬ್ಬನಿಗೆ ಸರ್ಕಾರದಿಂದ ಖಾತೆಗೆ, ಇನ್ನೊಬ್ಬನಿಗೆ ಪಂಚಾಯಿತಿಯ ಸ್ವಂತ ನಿಧಿಯಲ್ಲಿ ಉಳಿದರೆ ಮಾತ್ರ. ಕಡ್ಡಾಯದ ನಿಯಮ ಎರಡನೆಯವನಿಗೆ ಯಾವ ಉಪಯೋಗಕ್ಕೂ ಬರಲಿಲ್ಲ, ಏಕೆಂದರೆ ಅವನ ಹೆಸರೇ ತಂತ್ರಾಂಶದಲ್ಲಿಲ್ಲ.

ಬಿದರಿ, ಹುಮನಾಬಾದ್

ನಾನು ಮಾನವ ಸಂಪನ್ಮೂಲ ಪೂರೈಸುವ ಏಜೆನ್ಸಿಯೊಂದರಲ್ಲಿ ಲೆಕ್ಕ ಬರೆಯುವವನು, ಆದ್ದರಿಂದ ನನ್ನ ಮಾತು ಇಲ್ಲಿ ರುಚಿಸಲಿಕ್ಕಿಲ್ಲ. ಕಾರ್ಡು ಇಟ್ಟುಕೊಳ್ಳುವುದು ಶುದ್ಧ ಅಪರಾಧ, ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಪಗಾರ ತಡವಾಗುವುದಕ್ಕೆ ಪ್ರತಿ ಸಲ ಏಜೆನ್ಸಿಯೇ ಕಾರಣವಲ್ಲ. ಇಲಾಖೆಯಲ್ಲಿ ಅನುದಾನ ಬಂದಿಲ್ಲವೆಂದು ಬಿಲ್ಲು ನಿಲ್ಲುತ್ತದೆ. ಬಿಲ್ಲು ಪಾಸಾದರೂ ಖಜಾನೆ-2ರಲ್ಲಿ ನಮ್ಮ ರೆಸಿಪಿಯೆಂಟ್ ಐಡಿಯಲ್ಲಿ (ಹಣ ಪಡೆಯುವವರ ಗುರುತಿನ ಸಂಖ್ಯೆಯಲ್ಲಿ) ಏನೋ ವ್ಯತ್ಯಾಸವೆಂದು ವಾಪಸು ಬರುತ್ತದೆ. ಮೂರು ತಿಂಗಳ ಪಗಾರವನ್ನು ಕೈಯಿಂದ ಹಾಕಿ ಕಾಯುವ ತ್ರಾಣ ಸಣ್ಣ ಏಜೆನ್ಸಿಗಳಿಗೆ ಇರುವುದಿಲ್ಲ. ಸರ್ಕಾರವೇ ನೇರವಾಗಿ ಕಾರ್ಮಿಕರ ಖಾತೆಗೆ ಹಾಕಿ, ನಮಗೆ ಸೇವಾ ಶುಲ್ಕವನ್ನಷ್ಟೇ ಕೊಡಲಿ ಎಂದರೆ ನಾವು ಬೇಡವೆನ್ನುವುದಿಲ್ಲ.

ತೊಗರಿಕಣಜ, ಕಲಬುರಗಿ

ಬಿದರಿ ಅವರ ಕೊನೆಯ ವಾಕ್ಯವನ್ನು ಎಲ್ಲ ಏಜೆನ್ಸಿಗಳೂ ಬರೆದುಕೊಡುವುದಾದರೆ ಚರ್ಚೆಯೇ ಮುಗಿಯಿತು. ಆದರೆ ಇಲಾಖೆಯಿಂದ ಬಿಲ್ಲು ಬರಲಿಲ್ಲವೆಂಬುದು ಕಾರ್ಮಿಕನಿಗೆ ಹೇಳುವ ಉತ್ತರವಾಗದು. ವೇತನ ಕೊಡುವ ಮೊದಲ ಹೊಣೆ ಗುತ್ತಿಗೆದಾರನದು, ಅವನು ತಪ್ಪಿದರೆ ಇಲಾಖೆಯದು, ಮತ್ತು ಇವರಿಬ್ಬರ ನಡುವಿನ ಬಾಕಿ ಅವರವರದು. ಕಾರ್ಮಿಕನು ಇಬ್ಬರ ಬಾಗಿಲಿಗೂ ಅಲೆಯುವಂತೆ ಮಾಡುವುದೇ ಈಗಿನ ರೂಢಿ.

ಬೀದರ್ ಜಿಲ್ಲೆಯಲ್ಲೇ ಹೊರಗುತ್ತಿಗೆ ಕೆಲಸಗಾರರಿಗಾಗಿ ಏಜೆನ್ಸಿಯ ಬದಲು ಸಹಕಾರ ಸಂಘವೊಂದನ್ನು ರೂಪಿಸಿದ್ದನ್ನು ಇಲ್ಲಿ ಯಾರೂ ಹೇಳದಿರುವುದು ಸೋಜಿಗ. ಅದನ್ನು ಬೇರೆ ಜಿಲ್ಲೆಗಳಿಗೂ ವಿಸ್ತರಿಸುವ ಮಾತನ್ನು ಕಾರ್ಮಿಕ ಇಲಾಖೆ ಆಡಿದೆ. ಸಂಘವೆಂದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ನಾನು ನಂಬಿಲ್ಲ, ಸಂಘಗಳ ಆಡಳಿತ ಮಂಡಳಿಗಳನ್ನು ನಾವೆಲ್ಲ ಕಂಡವರೇ. ಆದರೂ ನಡುವಿನ ಲಾಭಕೋರ ಕೈಯೊಂದು ಕಡಿಮೆಯಾಗುತ್ತದೆ.

ಭೀಮಾತೀರ, ಜೇವರ್ಗಿ ತಾಲ್ಲೂಕು

ಇಷ್ಟು ಮಂದಿ ಬರೆದದ್ದಕ್ಕೆ ಸಂತೋಷ. ಕಾರಂಜಾ ಅವರೇ, ಹಳೆಯ ಪದ್ಧತಿ ಮರಳಿ ಬರಲೆಂದು ನಾನೆಂದೂ ಬಯಸಿಲ್ಲ. ಆ ಸಹಿಯಲ್ಲಿದ್ದ ಖಾತ್ರಿಗೆ ಈಗಿನ ಪದ್ಧತಿಯಲ್ಲಿ ಬದಲಿ ಏನಿದೆ ಎಂದಷ್ಟೇ ಕೇಳಿದ್ದೆ.

ಆ ಅಡುಗೆಯಾಕೆಯ ವಿಷಯದಲ್ಲಿ ಆಮೇಲೆ ತಿಳಿದದ್ದನ್ನು ಹೇಳುತ್ತೇನೆ. ಬ್ಯಾಂಕಿಗೆ ಆಕೆಯೇ ಆಧಾರ್ ಹಿಡಿದು ಹೋಗಿ ಅರ್ಜಿ ಬರೆದುಕೊಟ್ಟರೆ ಮೊಬೈಲ್ ಸಂಖ್ಯೆ ಬದಲಾಗುತ್ತದೆ, ಹಳೆಯ ಕಾರ್ಡು ಅಲ್ಲಿಯೇ ರದ್ದಾಗುತ್ತದೆ, ಇದಕ್ಕೆ ಗುತ್ತಿಗೆದಾರನ ಒಪ್ಪಿಗೆ ಬೇಕಿಲ್ಲ. ಹೆಚ್ಚು ಉಪಯೋಗಕ್ಕೆ ಬಂದದ್ದು ಭವಿಷ್ಯ ನಿಧಿಯ ಪಾಸ್‌ಬುಕ್. ಆಕೆಯ ಯುಎಎನ್, ಅಂದರೆ ಭವಿಷ್ಯ ನಿಧಿಯ ಸದಸ್ಯ ಸಂಖ್ಯೆಯಿಂದ, ಸರ್ಕಾರದ ಉಮಂಗ್ ಆ್ಯಪಿನಲ್ಲಿ ತೆರೆದು ನೋಡಿದಾಗ ಯಾವ ವೇತನದ ಮೇಲೆ ವಂತಿಗೆ ಕಟ್ಟಿದ್ದಾರೆಂಬುದು ತಿಂಗಳುವಾರು ಕಾಣಿಸಿತು. ನೌಕರನ ಪಾಲು ನೂರಕ್ಕೆ 12, ಮಾಲೀಕನದೂ 12. ಕಾರ್ಮಿಕರ ವಿಮೆಯಾದ ಇಎಸ್‌ಐಗೆ ನೌಕರನಿಂದ ನೂರಕ್ಕೆ 0.75, ಮಾಲೀಕನಿಂದ 3.25. ಟೆಂಡರಿನಲ್ಲಿ ತೋರಿಸಿದ ಪಗಾರದಿಂದ ಆಕೆಯ ಎರಡು ಪಾಲುಗಳನ್ನು ಕಳೆದರೆ ಖಾತೆಗೆ ಎಷ್ಟು ಬರಬೇಕೆಂದು ಯಾರಾದರೂ ಲೆಕ್ಕ ಹಾಕಬಹುದು. ಹಾಕಿದಾಗ ಮಾಲೀಕನ ಪಾಲನ್ನೂ ಆಕೆಯ ಪಗಾರದಿಂದಲೇ ಮುರಿದದ್ದು ಹೊರಬಿತ್ತು, ಅದನ್ನು ಕಾನೂನು ಒಪ್ಪುವುದಿಲ್ಲ. ಅಂದರೆ ಎಟಿಎಂನಿಂದ ಹೋಗುತ್ತಿದ್ದುದು ಎರಡನೆಯ ಕಡಿತ, ಮೊದಲನೆಯದು ಖಾತೆಗೆ ಬರುವ ಮುಂಚೆಯೇ ನಡೆದಿತ್ತು. ಪೂರ್ತಿ ಪಗಾರವೆಂದು ಆಕೆಯೂ ನಾನೂ ಅಂದುಕೊಂಡದ್ದು ಪೂರ್ತಿ ಇರಲೇ ಇಲ್ಲ.

ಸಂಬಳದ ಚೀಟಿ ಕೈಗೆ ಕೊಟ್ಟಿದ್ದರೆ ಇದು ಮೊದಲ ತಿಂಗಳೇ ತಿಳಿಯುತ್ತಿತ್ತು.

ಕಾರಂಜಾ, ಭಾಲ್ಕಿ

ಈ ಲೆಕ್ಕವನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಬರೆದುಕೊಡುವಿರಾ? ನಮ್ಮ ಶಾಲೆಯ ಬಿಸಿಯೂಟದವರದು ಗೌರವಧನವಾದ್ದರಿಂದ ಅವರಿಗೆ ಇದು ಅನ್ವಯಿಸುವುದಿಲ್ಲ, ಆದರೆ ಪಕ್ಕದ ವಸತಿ ಶಾಲೆಯಲ್ಲಿ ಹೊರಗುತ್ತಿಗೆಯವರು ಬಹಳ ಮಂದಿ ಇದ್ದಾರೆ.

ಸಗರನಾಡು, ಸುರಪುರ

ಹಾಳೆ ಬರೆಯುವುದಾದರೆ ಮೊಬೈಲ್ ಸಂಖ್ಯೆ ಬದಲಾಯಿಸುವ ವಿಷಯವನ್ನು ಮೇಲೆಯೇ ಹಾಕಿರಿ. ಸಂದೇಶ ತಮ್ಮ ಕೈಯಲ್ಲಿರುವ ಫೋನಿಗೇ ಬರಬೇಕು, ಶೇಕಡಾ ಲೆಕ್ಕವನ್ನು ಆಮೇಲೆ ಯಾರಾದರೂ ಓದಿ ಹೇಳಬಹುದು.

ತೊಗರಿಕಣಜ, ಕಲಬುರಗಿ

ಜೊತೆಗೆ ಇಲಾಖೆಗೆ ಕೊಡಲು ಮಾಹಿತಿ ಹಕ್ಕಿನ ಅರ್ಜಿಯ ನಮೂನೆಯನ್ನೂ ನಾನು ಸೇರಿಸುತ್ತೇನೆ. ಗುತ್ತಿಗೆದಾರರ ಬಿಲ್ಲಿನೊಂದಿಗೆ ಹಿಂದಿನ ತಿಂಗಳ ಬ್ಯಾಂಕ್ ಜಮಾ ಪಟ್ಟಿ ಮತ್ತು ಭವಿಷ್ಯ ನಿಧಿಯ ಚಲನ್ ಲಗತ್ತಿಸಿದ್ದರೆ ಅವುಗಳ ಪ್ರತಿ ಕೇಳಬೇಕು, ಲಗತ್ತಿಸದೆಯೇ ಬಿಲ್ಲು ಪಾಸು ಮಾಡಿದ್ದರೆ ಯಾವ ಆದೇಶದ ಮೇಲೆ ಮಾಡಿದರು ಎಂದು ಕೇಳಬೇಕು. ಅರ್ಜಿಯನ್ನು ಕೆಲಸಗಾರರ ಹೆಸರಿನಲ್ಲಿ ಹಾಕುವುದು ಬೇಡ, ಮರುದಿನವೇ ಕೆಲಸದಿಂದ ತೆಗೆಯುತ್ತಾರೆ. ನಿವೃತ್ತರು ಹಾಕಲಿ.

ಭೀಮಾತೀರ, ಜೇವರ್ಗಿ ತಾಲ್ಲೂಕು

ಜೇವರ್ಗಿಯ ಅರ್ಜಿ ನನ್ನ ಹೆಸರಿನಲ್ಲೇ ಹೋಗಲಿ. ಹಾಳೆಯನ್ನು ಈ ವಾರದೊಳಗೆ ಬರೆದು ಇಲ್ಲಿಯೇ ಹಾಕುತ್ತೇನೆ. ಭಾಲ್ಕಿ ಮತ್ತು ಸುರಪುರದ ಕಡೆ ಅರ್ಜಿ ಹಾಕಲು ಒಪ್ಪುವ ನಿವೃತ್ತರಿದ್ದರೆ ತಿಳಿಸಿರಿ.